ನೆನಪಿಡದ ಸರ್ವರ್, ಮರೆಯಬಾರದ ಗುರುತು

ಸರ್ವರ್ ರೀಸ್ಟಾರ್ಟ್ ಆದ ಮೇಲೆ ಅದರ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ಕಂಪ್ಯೂಟರುಗಳು ಸಾಮಾನ್ಯವಾಗಿ ತುಸು ಕಾದು ಕೆಲಸ ಮುಂದುವರಿಸುತ್ತವೆ. ಒಮ್ಮೊಮ್ಮೆ ಮಾತ್ರ ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದು ಹಟ ಹಿಡಿಯುತ್ತವೆ. ಈ ಎರಡು ಬಗೆಯ ವರ್ತನೆಗೂ ಮೂಲ 1984ರ ಒಂದೇ ತೀರ್ಮಾನದಲ್ಲಿದೆ.

ಆಗ ಕ್ಯಾಲಿಫೋರ್ನಿಯಾದ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ರಸೆಲ್ ಸ್ಯಾಂಡ್‌ಬರ್ಗ್, ಬಾಬ್ ಲಯನ್ ಮತ್ತು ಸಂಗಡಿಗರು ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಕಟ್ಟುತ್ತಿದ್ದರು. ನಡುವೆ ಸರ್ವರ್ ಬಿದ್ದರೆ ಗತಿಯೇನು ಎಂಬುದು ದೊಡ್ಡ ತೊಡಕು. ಯಾರು ಯಾವ ಫೈಲ್ ತೆರೆದಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ ಎಂದು ಸರ್ವರ್ ನೆನಪಿಟ್ಟುಕೊಂಡರೆ, ಬಿದ್ದೊಡನೆ ಆ ಲೆಕ್ಕವೂ ಅಳಿಸಿಹೋಗುತ್ತದೆ. ಹಾಗಾದರೆ ನೆನಪಿಡುವುದೇ ಬೇಡ ಎಂದರು ಅವರು. ಫೈಲ್ ಬಳಸುವ ಕಂಪ್ಯೂಟರ್, ಅಂದರೆ ಕ್ಲೈಂಟ್, ಪ್ರತಿ ಸಲವೂ ‘ಈ ಫೈಲು, ಇಲ್ಲಿಂದ, ಇಷ್ಟು ಬೈಟ್’ ಎಂದು ಪೂರ್ತಿ ಕೇಳಲಿ. ಉತ್ತರ ಬರದಿದ್ದರೆ ಮತ್ತೆ ಕೇಳಲಿ. ಬಿದ್ದೆದ್ದ ಸರ್ವರಿಗೂ ನಿಧಾನಿಯಾದ ಸರ್ವರಿಗೂ ಇರುವ ವ್ಯತ್ಯಾಸ ಕ್ಲೈಂಟಿಗೆ ತಿಳಿಯುವ ಅಗತ್ಯವೇ ಉಳಿಯಲಿಲ್ಲ.

ಆದರೆ ‘ಈ ಫೈಲು’ ಎಂದರೆ ಯಾವುದು? ಅದಕ್ಕಾಗಿ ಸರ್ವರ್ ಕೊಡುವ ಗುರುತೇ ಫೈಲ್ ಹ್ಯಾಂಡಲ್. ಡಿಸ್ಕಿನಲ್ಲಿ ಫೈಲಿಗಿರುವ ಐನೋಡ್ ಸಂಖ್ಯೆಯನ್ನಷ್ಟೇ ಅದರಲ್ಲಿಟ್ಟರೆ ಸಾಲದು. ಫೈಲ್ ಅಳಿಸಿದಾಗ ಆ ಸಂಖ್ಯೆ ಹೊಸ ಫೈಲಿಗೆ ಹೋಗುತ್ತದೆ. ಖಾಲಿ ಮಾಡಿ ಹೋದವರ ಕಾಗದ ಅದೇ ಮನೆ ನಂಬರಿನ ಹೊಸ ಬಾಡಿಗೆದಾರರ ಕೈಸೇರಿದಂತೆ. ಹೀಗಾಗಿ ಪ್ರತಿ ಐನೋಡಿಗೂ ಒಂದು ತಲೆಮಾರು ಸಂಖ್ಯೆ, ಪ್ರತಿ ಫೈಲ್ ಸಿಸ್ಟಮ್‌ಗೂ ಒಂದು ಐಡಿ ಸೇರಿಸಿದರು. ಇವು ತಾಳೆಯಾಗದಿದ್ದರೆ ಸರ್ವರ್ ಹ್ಯಾಂಡಲ್ ‘ಸ್ಟೇಲ್’ ಎನ್ನುತ್ತದೆ. ತಪ್ಪು ಫೈಲಿಗೆ ಬರೆಯುವುದಕ್ಕಿಂತ ಅದೇ ಮೇಲು. ಈ ವಿನ್ಯಾಸವನ್ನು ತಂಡ 1985ರ ಯೂಸೆನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿತು.

ರೀಸ್ಟಾರ್ಟ್ ನಂತರದ ಕಾಟ ಹುಟ್ಟುವುದು ಇಲ್ಲೇ. ಆ ಐಡಿಯನ್ನು ಡಿವೈಸ್ ಸಂಖ್ಯೆಯಿಂದ ತೆಗೆದುಕೊಂಡಿದ್ದು, ಸರ್ವರ್ ಎದ್ದಾಗ ಡಿಸ್ಕುಗಳು ಬೇರೆ ಸರದಿಯಲ್ಲಿ ಸಿಕ್ಕಿದರೆ ಐಡಿಯೂ ಬದಲಾಗುತ್ತದೆ. ಫೈಲುಗಳು ಇದ್ದಲ್ಲೇ ಇರುತ್ತವೆ, ಕ್ಲೈಂಟ್ ಬಳಿಯ ಗುರುತು ಮಾತ್ರ ಹಳಸಿರುತ್ತದೆ.

ಮತ್ತೆ ಮತ್ತೆ ಕೇಳುವುದಕ್ಕೂ ಬೆಲೆಯಿತ್ತು. ಸರ್ವರ್ ಫೈಲ್ ಅಳಿಸಿದ ಮೇಲೆ ಉತ್ತರ ದಾರಿಯಲ್ಲಿ ಕಳೆದುಹೋದರೆ, ಎರಡನೆಯ ಕೋರಿಕೆಗೆ ‘ಅಂಥ ಫೈಲೇ ಇಲ್ಲ’ ಎಂಬ ಉತ್ತರ ಸಿಗುತ್ತಿತ್ತು. ಇತ್ತೀಚಿನ ಕೋರಿಕೆಗಳನ್ನು ಸರ್ವರಿನಲ್ಲೇ ತುಸು ಹೊತ್ತು ಇಟ್ಟುಕೊಂಡು ಇದನ್ನು ತಡೆಯುವ ಉಪಾಯವನ್ನು ಡಿಜಿಟಲ್ ಕಂಪನಿಯ ಚೆಟ್ ಯುಷ್ಚಾಕ್ 1989ರಲ್ಲಿ ವಿವರಿಸಿದರು. ಒಂದು ಫೈಲನ್ನು ಏಕಕಾಲಕ್ಕೆ ಇಬ್ಬರು ಬದಲಿಸದಂತೆ ಹಾಕುವ ಲಾಕ್‌ಗಳನ್ನಂತೂ ಸರ್ವರ್ ಮರೆಯುವಂತೆಯೇ ಇರಲಿಲ್ಲ. ಆದ್ದರಿಂದ 2000ದಲ್ಲಿ ಪ್ರಕಟವಾದ ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿ ನೆನಪನ್ನು ಪ್ರೋಟೋಕಾಲಿನೊಳಗೇ ತಂದಿತು: ಸರ್ವರ್ ಎದ್ದ ಮೇಲೆ ‘ಗ್ರೇಸ್ ಪೀರಿಯಡ್’ನಲ್ಲಿ ಹಳೆಯ ಲಾಕ್ ಇದ್ದವರು ಮೊದಲು ಅದನ್ನು ಮರಳಿ ಪಡೆಯಬೇಕು, ಹೊಸಬರು ಕಾಯಬೇಕು. ಲಿನಕ್ಸ್‌ನಲ್ಲಿ ಈ ಅವಧಿ ರೂಢಿಯಂತೆ 90 ಸೆಕೆಂಡು.

ಆದ್ದರಿಂದ ಸರ್ವರ್ ಎದ್ದೊಡನೆ ಕ್ಲೈಂಟುಗಳು ನಿಂತಂತೆ ಕಂಡರೆ ಮೊದಲು ಒಂದೆರಡು ನಿಮಿಷ ಕಾಯಿರಿ. ‘ಸ್ಟೇಲ್’ ಎಂದೇ ಬರುತ್ತಿದ್ದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ಪ್ರತಿ ರೀಸ್ಟಾರ್ಟಿಗೂ ಇದು ಮರುಕಳಿಸುತ್ತಿದ್ದರೆ ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಎಫ್‌ಎಸ್‌ಐಡಿ, ಅಂದರೆ ಫೈಲ್ ಸಿಸ್ಟಮ್‌ನ ಆ ಐಡಿಯನ್ನು, ನಿಗದಿಪಡಿಸಿ; ಡಿಸ್ಕುಗಳ ಸರದಿ ಬದಲಾದರೂ ಗುರುತು ಬದಲಾಗುವುದಿಲ್ಲ.