ಗೊರಕೆಯ ನಡುವಿನ ಮೌನ

ಗೊರಕೆಯೆಂಬುದು ನಮ್ಮ ಸಮಾಜದಲ್ಲಿ ಲಾಗಾಯ್ತಿನಿಂದಲೂ ನಗೆಯ ವಸ್ತುವಾಗಿಯೇ ಉಳಿದುಬಂದಿದೆ. ಕುಂಭಕರ್ಣನ ಹೆಸರನ್ನೆತ್ತದೆ ಅದರ ಪ್ರಸ್ತಾಪವೇ ಇಲ್ಲ. ಮದುವೆಯ ಛತ್ರದಲ್ಲಿ ಸಾಲಾಗಿ ಜಮಖಾನೆ ಹಾಸಿ ಮಲಗಿದ ನೆಂಟರಲ್ಲಿ ಯಾರ ಗೊರಕೆ ಹೆಚ್ಚೆಂಬ ಚರ್ಚೆ ಬೆಳಗಿನ ಕಾಫಿಯೊಡನೆ ನಡೆಯದ ಮನೆತನ ವಿರಳ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯೂ ಉಂಟು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಕುಳಿತೊಡನೆ ತಲೆ ವಾಲಿಸಿ, ಇಳಿಯಬೇಕಾದ ನಿಲ್ದಾಣವನ್ನೂ ದಾಟಿ ಹೋಗುವ ಉದ್ಯೋಗಿಯನ್ನು ಕಂಡಾಗ ಸಹಪ್ರಯಾಣಿಕರಿಗೆ ಈ ಗಾದೆ ನೆನಪಾಗುವುದು ಸಹಜ. ಆದರೆ ರಾತ್ರಿ ಏಳೆಂಟು ಗಂಟೆ ಮಲಗಿಯೂ ಹಗಲಿನಲ್ಲಿ ತೂಕಡಿಸುವವನು ಯಾವಾಗಲೂ ನಿಶ್ಚಿಂತನೆಂದು ತಿಳಿಯಬೇಕಾಗಿಲ್ಲ. ಇರುಳೆಲ್ಲ ಉಸಿರಿಗಾಗಿ ಹೋರಾಡಿ ದಣಿದವನೂ ಆಗಿರಬಹುದು.

ಈ ಬೇನೆಗೆ ವೈದ್ಯರು ಕೊಟ್ಟಿರುವ ಹೆಸರು ಸ್ಲೀಪ್ ಅಪ್ನಿಯಾ. ಅಪ್ನಿಯಾ ಎಂಬ ಗ್ರೀಕ್ ಮೂಲದ ಶಬ್ದಕ್ಕೆ ಉಸಿರಿಲ್ಲದಿರುವಿಕೆ ಎಂದು ಅರ್ಥ. ಉಸಿರಾಡುವಂತೆ ಮೆದುಳಿನಿಂದ ಆಜ್ಞೆಯೇ ಹೊರಡದಿರುವುದು ಇದರ ಒಂದು ಬಗೆ; ಅದು ಕಡಿಮೆ. ಆಜ್ಞೆ ಬಂದರೂ ಗಂಟಲಿನ ದಾರಿ ಮುಚ್ಚಿಹೋಗುವುದು ಇನ್ನೊಂದು ಬಗೆ. ಸಾಮಾನ್ಯವಾಗಿ ಕಾಣಬರುವುದು ಇದೇ.

ನಾಲಗೆಯ ಹಿಂಭಾಗದ ಗಂಟಲಿಗೆ, ಶ್ವಾಸನಾಳಕ್ಕಿರುವಂತೆ ಮೃದ್ವಸ್ಥಿಯ ಉಂಗುರಗಳ ಆಧಾರವಿಲ್ಲ. ಸ್ನಾಯುಗಳ ಬಿಗುವೇ ಅದನ್ನು ತೆರೆದಿಟ್ಟಿರುತ್ತದೆ. ನಿದ್ರೆ ಬಂದಾಗ ಮೈಯ ಇತರ ಸ್ನಾಯುಗಳಂತೆ ಇವೂ ಸಡಿಲಗೊಳ್ಳುತ್ತವೆ. ದಾರಿ ಕಿರಿದಾದಾಗ ಹಾದುಹೋಗುವ ಗಾಳಿಯಿಂದ ಕಿರುನಾಲಗೆ, ಮೆದು ಅಂಗುಳಗಳು ಅದುರುತ್ತವೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿತೆಂದರೆ ಗೊರಕೆಯೂ ನಿಲ್ಲುತ್ತದೆ. ಪಕ್ಕದಲ್ಲಿ ಮಲಗಿದವರು ‘ಸದ್ಯ, ನಿಂತಿತಲ್ಲ’ ಎಂದು ನೆಮ್ಮದಿಯಿಂದ ಮಗ್ಗುಲು ಬದಲಿಸುವುದು ಈ ಹೊತ್ತಿನಲ್ಲಿಯೇ. ವಾಸ್ತವದಲ್ಲಿ ಆಗ ಎದೆ, ಹೊಟ್ಟೆಗಳು ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ; ಮೆದುಳು ಗಾಬರಿಗೊಂಡು ಮಲಗಿದವನನ್ನು ಕ್ಷಣಮಾತ್ರ ಎಚ್ಚರಿಸುತ್ತದೆ; ಆತ ಗಕ್ಕನೆ ಉಸಿರೆಳೆದು ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಿಗ್ಗೆ ಇದಾವುದೂ ಅವನಿಗೆ ನೆನಪಿರುವುದಿಲ್ಲ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಸಲವೆಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಬಹುವಾಗಿ ಕ್ಷೀಣಿಸಿದರೂ ಲೆಕ್ಕಕ್ಕೆ ಉಂಟು. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ. 5ರಿಂದ 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಏಳು ಗಂಟೆಯ ನಿದ್ರೆಯಲ್ಲಿ 210 ಸಲ! ಇಷ್ಟು ಖರ್ಚು ಬಿದ್ದ ಮೇಲೆ ಬೆಳಗಿನ ಖಾತೆಯಲ್ಲಿ ಉಳಿಯುವುದೇನು?

ಕಣ್ಣಿಗೆ ಬೀಳುವ ಮೊದಲ ಪರಿಣಾಮಗಳು ಹಗಲಿನ ಮಂಪರು, ಬೆಳಗಿನ ತಲೆನೋವು, ಒಣಗಿದ ಬಾಯಿ, ಮರೆವು, ಸಿಡುಕು. ಕಚೇರಿಯಲ್ಲಿ ಕಡತದ ಮೇಲೆ ಆಕಳಿಸುವವನಿಗೆ ಸೋಮಾರಿಯೆಂಬ ಬಿರುದು ಬಹು ಬೇಗ ಅಂಟಿಕೊಳ್ಳುತ್ತದೆ. ವಾಹನ ನಡೆಸುವವರಲ್ಲಿ ಇದೇ ಮಂಪರು ಅಪಘಾತಕ್ಕೆ ಕಾರಣವಾಗುತ್ತದೆ. ಕಾಣದೆ ನಡೆಯುವ ಹಾನಿ ಇನ್ನೂ ಗಂಭೀರವಾದುದು. ಸಹಜ ನಿದ್ರೆಯಲ್ಲಿ ರಕ್ತದೊತ್ತಡ ತಗ್ಗಿ ಹೃದಯಕ್ಕೆ ವಿಶ್ರಾಂತಿ ಸಿಗಬೇಕು. ಉಸಿರು ಕಟ್ಟಿದಾಗಲೆಲ್ಲ ಅಪಾಯದ ವೇಳೆಯಲ್ಲಿ ಸ್ರವಿಸುವ ರಸಗಳು ಹರಿದು ಒತ್ತಡ ಏರುತ್ತದೆ. ಕ್ರಮೇಣ ಆ ಏರಿಕೆ ಹಗಲಿಗೂ ಮುಂದುವರಿಯುತ್ತದೆ. ಮೂರು ಬಗೆಯ ಗುಳಿಗೆಗಳಿಗೂ ಬಗ್ಗದ ರಕ್ತದೊತ್ತಡದ ಹಿಂದೆ ಎಷ್ಟೋ ಬಾರಿ ಈ ಬೇನೆಯೇ ಅಡಗಿರುತ್ತದೆ. ಹೃದಯ ಬಡಿತದ ಅವ್ಯವಸ್ಥೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆಗಳೊಡನೆಯೂ ಇದರ ನಂಟು ಸ್ಪಷ್ಟವಾಗಿದೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ವಯಸ್ಸಿನ ದೋಷವೆಂದು ಸುಮ್ಮನಾಗುವವರು ಹೆಚ್ಚು. ಮುಚ್ಚಿದ ಗಂಟಲಿನೆದುರು ಉಸಿರೆಳೆಯುವ ಪ್ರಯತ್ನದಿಂದ ಹೃದಯದ ಕೋಣೆಗಳು ಹಿಗ್ಗಿ, ಮೂತ್ರವನ್ನು ಹೆಚ್ಚಿಸುವ ರಸವೊಂದನ್ನು ಸ್ರವಿಸುವುದೂ ಅದಕ್ಕೆ ಕಾರಣವಾಗಬಲ್ಲದು.

2022ರ ಫೆಬ್ರವರಿ 15ರಂದು ಮುಂಬಯಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರು ತೀರಿಕೊಂಡಾಗ ಆಸ್ಪತ್ರೆಯ ವೈದ್ಯರು ಹೇಳಿದ ಕಾರಣದಲ್ಲಿ ಈ ಬೇನೆಯ ಹೆಸರಿತ್ತು. ಅದುವರೆಗೆ ಇದರ ಹೆಸರನ್ನೇ ಕೇಳಿರದ ಅನೇಕರು ಅಂದು ಪತ್ರಿಕೆಗಳಲ್ಲಿ ಅದನ್ನು ಮೊದಲ ಬಾರಿಗೆ ಓದಿದರು.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವರ್ಷದ ಉದ್ಯೋಗಿಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ವರದಿಯಂತೆ ಗಂಡಸರಲ್ಲಿ ಶೇಕಡಾ 24, ಹೆಂಗಸರಲ್ಲಿ ಶೇಕಡಾ 9 ಮಂದಿಗೆ ನಿದ್ರೆಯ ಉಸಿರಾಟದಲ್ಲಿ ದೋಷವಿತ್ತು. ಮುಂಬಯಿಯ ಹಿಂದೂಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಹೆಚ್ಚು ಹತ್ತಿರವಾದುದು. ವಾಡಿಕೆಯ ಆರೋಗ್ಯ ತಪಾಸಣೆಗೆಂದು ಬಂದ 35ರಿಂದ 65 ವರ್ಷದ ಗಂಡಸರಲ್ಲಿ ಶೇಕಡಾ 19.5 ಮಂದಿಗೆ ದೋಷವಿದ್ದು, ಹಗಲಿನ ಮಂಪರೂ ಕೂಡಿದವರು ಶೇಕಡಾ 7.5ರಷ್ಟಿದ್ದರು. ಅವರು ಕಾಯಿಲೆಯೆಂದು ಬಂದವರಲ್ಲ, ಆರೋಗ್ಯವಂತರೆಂದು ತಿಳಿದಿದ್ದವರು ಎಂಬುದನ್ನು ವಾಚಕರು ಗಮನಿಸಬೇಕು. ದಪ್ಪ ಮೈಯವರ ಕಾಯಿಲೆ ಎಂಬ ಭಾವನೆಯೂ ಅರ್ಧಸತ್ಯ. ಬೊಜ್ಜು ಮುಖ್ಯ ಕಾರಣವೆಂಬುದು ದಿಟ. ಆದರೆ ದವಡೆ ಚಿಕ್ಕದಾಗಿ ಗಂಟಲು ಇಕ್ಕಟ್ಟಾಗಿರುವ ತೆಳ್ಳನೆಯವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಹೆಚ್ಚುತ್ತದೆ. ಅವರು ಗೊರಕೆಯ ಮಾತನ್ನು ಸಂಕೋಚದಿಂದ ಮುಚ್ಚಿಟ್ಟು, ಬರಿಯ ಸುಸ್ತು, ನಿದ್ರೆಯಿಲ್ಲ ಎಂದಷ್ಟೇ ವೈದ್ಯರಲ್ಲಿ ಹೇಳುವುದರಿಂದ ಪತ್ತೆಯಾಗುವುದು ತಡ. ಮಕ್ಕಳಲ್ಲಿ ಊದಿದ ಟಾನ್ಸಿಲ್, ಅಡಿನಾಯ್ಡುಗಳೇ ಪ್ರಾಯಶಃ ಕಾರಣ.

1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾ. ಕ್ರಿಸ್ಟಿಯನ್ ಗಿಯೆಮಿನೋ ಮತ್ತು ಸಂಗಡಿಗರು ಇದರ ಲಕ್ಷಣಗಳನ್ನು ವಿಶದವಾಗಿ ವಿವರಿಸಿದರು. ಅಂದಿನ ದಿನಗಳಲ್ಲಿ ತೀವ್ರ ರೋಗಿಗೆ ಇದ್ದ ಖಚಿತ ಚಿಕಿತ್ಸೆಯೆಂದರೆ ಕತ್ತಿನಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ಕೊಳವೆ ಇಡುವುದು. ಆಸ್ಟ್ರೇಲಿಯಾದ ಸಿಡ್ನಿಯ ಡಾ. ಕಾಲಿನ್ ಸಲಿವನ್ ಅವರು ಇದಕ್ಕೊಂದು ಸರಳ ಬದಲಿಯನ್ನು ಹುಡುಕಿದರು. ಮೂಗಿನ ಮೂಲಕ ಸತತವಾಗಿ ಹದವಾದ ಒತ್ತಡದಲ್ಲಿ ಗಾಳಿಯನ್ನು ಊದಿದರೆ, ಆ ಗಾಳಿಯೇ ಒಳಗಿನಿಂದ ಆಧಾರವಾಗಿ ನಿಂತು ಗಂಟಲು ಕುಸಿಯದಂತೆ ತಡೆಯುತ್ತದೆ. ಐವರು ರೋಗಿಗಳ ಮೇಲಿನ ಈ ಪ್ರಯೋಗದ ವರದಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಇಂದು ಸಿ-ಪ್ಯಾಪ್ ಎಂದು ಕರೆಯುವ ಯಂತ್ರದ ಮೂಲ ಇದು. ಈಗಿನದು ಮಂಚದ ಬದಿಯ ಪುಟ್ಟ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದು, ಸದ್ದೂ ಕಡಿಮೆ.

ಯಂತ್ರವನ್ನು ಕೊಂಡವರೆಲ್ಲರೂ ಬಳಸುತ್ತಾರೆಂದೇನೂ ಇಲ್ಲ. ಮುಖವಾಡ ಒತ್ತುತ್ತದೆ, ಮೂಗು ಒಣಗುತ್ತದೆ, ನೋಡಿದವರು ನಗುತ್ತಾರೆ ಎಂದು ಹತ್ತಾರು ಸಾವಿರ ರೂಪಾಯಿಯ ಯಂತ್ರವನ್ನು ಅಟ್ಟಕ್ಕೇರಿಸಿದವರಿದ್ದಾರೆ. ಕೊಳ್ಳುವ ಮೊದಲು ಕೆಲವು ವಾರ ಬಾಡಿಗೆಗೆ ತಂದು ನೋಡುವುದು, ಆರೋಗ್ಯ ವಿಮೆಯ ಷರತ್ತುಗಳನ್ನು ಓದಿಕೊಳ್ಳುವುದು ವಿವೇಕ. ಪ್ರಯೋಜನದ ಬಗೆಗೂ ಉತ್ಪ್ರೇಕ್ಷೆ ಸಲ್ಲದು. ಹೃದ್ರೋಗವುಳ್ಳ 2,700ಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಯಂತ್ರದಿಂದ ಹಗಲಿನ ಮಂಪರು ತಗ್ಗಿ ಮನಸ್ಸು ಗೆಲುವಾಯಿತೇ ಹೊರತು, ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾದಂತೆ ಕಾಣಲಿಲ್ಲ. ಅವರು ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ ಮೂರೂಕಾಲು ಗಂಟೆ ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ತೂಕ ಇಳಿಸುವುದು ಬಹಳ ಮಂದಿಗೆ ನಿಜವಾಗಿ ಫಲ ಕೊಡುತ್ತದೆ. ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗಿದರೆ ಕೆಲವರಿಗೆ ಅಷ್ಟರಿಂದಲೇ ಉಪಶಮನ. ಸೌಮ್ಯ ರೋಗಕ್ಕೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಬೊಜ್ಜಿನೊಡನೆ ಮಧ್ಯಮ ಅಥವಾ ತೀವ್ರ ರೋಗವಿರುವ ದೊಡ್ಡವರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಂಗೀಕರಿಸಿತು. ಮದ್ಯ ಮತ್ತು ನಿದ್ರೆಯ ಗುಳಿಗೆಗಳು ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ನಿದ್ರೆ ಸಾಲದೆಂದು ಅಂಗಡಿಯಿಂದ ಗುಳಿಗೆ ತಂದು ನುಂಗುವುದು ಈ ರೋಗದಲ್ಲಿ ಅಪಾಯಕ್ಕೆ ಆಹ್ವಾನ. ಶಸ್ತ್ರಚಿಕಿತ್ಸೆಗೆ ಮುನ್ನ, ಅದು ಹರ್ನಿಯಾದಂಥ ಸಣ್ಣದಾದರೂ ಸರಿ, ಅರಿವಳಿಕೆ ಕೊಡುವ ವೈದ್ಯರಿಗೆ ಈ ವಿಷಯ ತಿಳಿಸಲೇಬೇಕು.

ರೋಗದ ನಿರ್ಣಯಕ್ಕೆ ಒಂದು ರಾತ್ರಿಯ ನಿದ್ರಾಪರೀಕ್ಷೆ ಬೇಕು. ಆಸ್ಪತ್ರೆಯಲ್ಲಿ ಮಲಗಿಸಿ ಉಸಿರು, ಆಮ್ಲಜನಕ, ಹೃದಯ ಬಡಿತ, ಮೆದುಳಿನ ಅಲೆಗಳನ್ನು ದಾಖಲಿಸುತ್ತಾರೆ. ಮನೆಯಲ್ಲಿಯೇ ನಡೆಸಬಹುದಾದ ಸರಳ ಪರೀಕ್ಷೆಯೂ ಈಗ ದೊರೆಯುತ್ತದೆ. ಜೋರಾದ ಗೊರಕೆ, ಹಗಲಿನ ದಣಿವು, ರಕ್ತದೊತ್ತಡ, 50 ದಾಟಿದ ವಯಸ್ಸು, 40 ಸೆಂಟಿಮೀಟರಿಗೂ ಮೀರಿದ ಕತ್ತಿನ ಸುತ್ತಳತೆ, ಇವುಗಳಲ್ಲಿ ಮೂರು ಕೂಡಿದರೂ ವೈದ್ಯರನ್ನು ಕಾಣಲು ಸಕಾರಣವಾಯಿತು. ಹೋಗುವಾಗ ಸಹಧರ್ಮಿಣಿಯನ್ನು ಕರೆದೊಯ್ಯುವುದು ಮೇಲು. ರೋಗಿಗೆ ಗೊತ್ತಿರದ ಸಂಗತಿ ಆಕೆಗೆ ಗೊತ್ತು. ಸಂಸಾರವನ್ನು ಊರಿನಲ್ಲಿ ಬಿಟ್ಟು ನಗರದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಮಲಗುವವರಿಗೆ ಸಾಕ್ಷಿ ನುಡಿಯುವವರಿಲ್ಲ. ಅಂಥವರು ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಣವನ್ನು ಆನ್ ಮಾಡಿ ದಿಂಬಿನ ಬದಿಯಲ್ಲಿಟ್ಟು ಎರಡು ಮೂರು ರಾತ್ರಿ ಮಲಗಿ, ಆ ಮುದ್ರಣವನ್ನೇ ವೈದ್ಯರಿಗೆ ಕೇಳಿಸಬಹುದು.