ಹತ್ತು ವಾದ, ಒಂಬತ್ತು ಗೆಲುವು

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದ ಮಂಡಿಸಿದ ಮೊದಲ ಕಪ್ಪು ಮಹಿಳೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಅಲ್ಲಿ ಹತ್ತು ಮೊಕದ್ದಮೆಗಳಲ್ಲಿ ವಾದಿಸಿ ಒಂಬತ್ತನ್ನು ಗೆದ್ದರು. ಆಮೇಲೆ ಶಾಸಕಿಯಾದರು, ಕೊನೆಗೆ ಫೆಡರಲ್ ನ್ಯಾಯಾಧೀಶೆಯಾದರು. ಆ ಪೀಠವೇರಿದ ಮೊದಲ ಕಪ್ಪು ಮಹಿಳೆಯೂ ಅವರೇ. ಮಾರ್ಟಿನ್ ಲೂಥರ್ ಕಿಂಗ್ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಜೈಲಿನಲ್ಲಿದ್ದ ಕಿಂಗ್ ಅವರನ್ನು ಕಂಡು, ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದ ಈ ವಕೀಲೆಯ ಹೆಸರೂ ಅಷ್ಟೇ ಪರಿಚಿತವಾಗಬೇಕಿತ್ತು.

ಅವರು ಹುಟ್ಟಿದ್ದು 1921ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆತಾಯಿ ಕೆರಿಬಿಯನ್ನಿನ ನೇವಿಸ್ ದ್ವೀಪದಿಂದ ಬಂದವರು. ಹನ್ನೆರಡು ಮಕ್ಕಳಲ್ಲಿ ಇವರು ಒಂಬತ್ತನೆಯವರು. ತಂದೆ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆ ಮಾಡುತ್ತಿದ್ದರು. ಮಗಳನ್ನು ಕಾಲೇಜಿಗೆ ಕಳಿಸುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಊರಿನ ಸಮುದಾಯ ಭವನದ ಸಭೆಯೊಂದರಲ್ಲಿ ಆಕೆ ಆಡಿದ ನೇರ ಮಾತು ಕೇಳಿದ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಬಿಳಿಯ ದಾನಿ ಓದಿನ ಖರ್ಚು ವಹಿಸಿಕೊಂಡರು. ಆ ನೆರವಿನಿಂದಲೇ 1946ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪದವಿ ಕೈಗೆ ಬಂತು.

ಓದು ಮುಗಿಯುವ ಮೊದಲೇ ಥರ್ಗುಡ್ ಮಾರ್ಷಲ್ ಅವರ ಕಚೇರಿ ಸೇರಿದ್ದರು. ಕಪ್ಪು ಜನರ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ಹೋರಾಡುತ್ತಿದ್ದ ವಕೀಲರ ಕೂಟ ಅದು. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ತೀರ್ಪು ಬಂದ ಬ್ರೌನ್ ಮೊಕದ್ದಮೆಯ ದೂರು ಸಿದ್ಧಪಡಿಸುವಲ್ಲಿ ಮಾಟ್ಲಿಯವರ ಕೈಯಿತ್ತು. ತೀರ್ಪು ಬಂದ ಮಾತ್ರಕ್ಕೆ ಶಾಲೆಯ ಬಾಗಿಲು ತಾನಾಗಿ ತೆರೆಯಲಿಲ್ಲ. ಊರೂರಿಗೆ ಹೋಗಿ, ಒಂದೊಂದು ಶಾಲೆಯ ಮೇಲೂ ದಾವೆ ಹೂಡಿ ತೆರೆಸಬೇಕಾಯಿತು. ಅವರ ನಿಜವಾದ ದೊಡ್ಡತನ ಕಾಣುವುದು ಈ ದಣಿವಿನ ಕೆಲಸದಲ್ಲೇ ಎನ್ನುವುದು ನನ್ನ ನಂಬಿಕೆ.

ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವಕೀಲರಿಗೆ ಹೋಟೆಲಿನಲ್ಲಿ ಕೋಣೆ ಸಿಗುತ್ತಿರಲಿಲ್ಲ. ಧೈರ್ಯವಿದ್ದ ಕಪ್ಪು ಕುಟುಂಬಗಳ ಮನೆಗಳೇ ಆಸರೆ. ಜೇಮ್ಸ್ ಮೆರೆಡಿತ್ ಎಂಬ ಯುವಕನನ್ನು ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಸೇರಿಸಲು ಅವರು ಮತ್ತೆಮತ್ತೆ ಆ ರಾಜ್ಯಕ್ಕೆ ಹೋದರು. 1962ರ ಶರತ್ಕಾಲದಲ್ಲಿ ಮೆರೆಡಿತ್ ಕಾಲಿಟ್ಟಾಗ ದೊಂಬಿಯೆದ್ದು ಇಬ್ಬರು ಸತ್ತರು, ಸೇನೆ ಬರಬೇಕಾಯಿತು. ಆ ದಿನಗಳಲ್ಲಿ ಮಾಟ್ಲಿಯವರಿಗೆ ಒತ್ತಾಸೆಯಾಗಿದ್ದ ಸ್ಥಳೀಯ ನಾಯಕ ಮೆಡ್ಗರ್ ಎವರ್ಸ್ ಅವರನ್ನು ಮರುವರ್ಷದ ಜೂನ್‌ನಲ್ಲಿ ಮನೆಯೆದುರೇ ಗುಂಡಿಟ್ಟು ಕೊಂದರು. ಅದೇ 1963ರಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ವರ್ಣಭೇದದ ವಿರುದ್ಧದ ಮೆರವಣಿಗೆಗೆ ಹೋದ ತಪ್ಪಿಗೆ ಶಾಲೆಯಿಂದ ಹೊರಹಾಕಿದ್ದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾಟ್ಲಿ ಮೇಲ್ಮನವಿ ನ್ಯಾಯಾಲಯದ ಆದೇಶದ ಮೂಲಕ ತರಗತಿಗೆ ಮರಳಿಸಿದರು.

ರಾಜಕೀಯದ ಅಧ್ಯಾಯ ಚಿಕ್ಕದು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಟ್‌ಗೆ ಆಯ್ಕೆಯಾದರು, 1965ರಲ್ಲಿ ಮ್ಯಾನ್‌ಹಟನ್ ಬರೋ (ನಗರದ ಒಂದು ಆಡಳಿತ ವಿಭಾಗ) ಅಧ್ಯಕ್ಷೆಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು.

ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಪ್ಪಿದರೆ ಹುದ್ದೆ ಜೀವಮಾನಕ್ಕೆ. 1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾಟ್ಲಿ ಹೆಸರು ಕಳಿಸಿದರು. ಅದನ್ನು ಪರಿಶೀಲಿಸುವ ಸೆನೆಟ್ ಸಮಿತಿಯ ಮುಖ್ಯಸ್ಥರಾಗಿದ್ದವರು ಜೇಮ್ಸ್ ಈಸ್ಟ್‌ಲ್ಯಾಂಡ್. ಮಾಟ್ಲಿ ಯಾವ ಮಿಸಿಸಿಪಿಯ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ್ದರೋ ಅದೇ ರಾಜ್ಯದ ಸೆನೆಟರ್, ವರ್ಣಭೇದದ ಕಟ್ಟಾ ಸಮರ್ಥಕ. ಅವರು ಅಡ್ಡಗಾಲು ಹಾಕಿದ್ದರಿಂದ ಒಪ್ಪಿಗೆ ಸಿಗುವಾಗ ಆಗಸ್ಟ್ ತಿಂಗಳ ಕೊನೆ.

ಪೀಠವೇರಿದ ಮೇಲೂ ಅವರ ಹಿಂದಿನ ಬದುಕನ್ನೇ ಆಕ್ಷೇಪವಾಗಿಸಿದವರಿದ್ದರು. 1975ರಲ್ಲಿ ದೊಡ್ಡ ವಕೀಲಿ ಸಂಸ್ಥೆಯೊಂದರ ಮೇಲೆ ಲಿಂಗ ತಾರತಮ್ಯದ ದಾವೆ ಅವರ ಮುಂದೆ ಬಂತು. ಹೆಣ್ಣಾಗಿ, ಕಪ್ಪು ಜನರ ಪರ ದುಡಿದ ವಕೀಲೆಯಾಗಿ ಅವರು ನಿಷ್ಪಕ್ಷಪಾತವಾಗಿ ವಿಚಾರಿಸಲಾರರು, ಮೊಕದ್ದಮೆ ಬಿಟ್ಟುಕೊಡಲಿ ಎಂಬುದು ಪ್ರತಿವಾದಿಗಳ ಕೋರಿಕೆ. ಮಾಟ್ಲಿ ಒಪ್ಪಲಿಲ್ಲ. ಹಿನ್ನೆಲೆ, ಲಿಂಗ, ಜನಾಂಗವೇ ಅಡ್ಡಿಯೆಂದಾದರೆ ಈ ಮೊಕದ್ದಮೆಯನ್ನು ಕೇಳಬಲ್ಲ ನ್ಯಾಯಾಧೀಶರು ಈ ನ್ಯಾಯಾಲಯದಲ್ಲಿ ಒಬ್ಬರೂ ಇರುವುದಿಲ್ಲ ಎಂದು ಬರೆದರು. ಬಿಳಿಯ ಗಂಡಸಿಗೂ ಲಿಂಗವಿದೆ, ಜನಾಂಗವಿದೆ. ಅದನ್ನು ಮಾತ್ರ ಯಾರೂ ಪೂರ್ವಗ್ರಹವೆಂದು ಕರೆದಿರಲಿಲ್ಲ. ಮೂರು ವರ್ಷದ ಬಳಿಕ, ಯಾಂಕೀ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಆಟಗಾರರ ಡ್ರೆಸ್ಸಿಂಗ್ ಕೋಣೆಗೆ ಗಂಡು ವರದಿಗಾರರಿಗಿದ್ದ ಪ್ರವೇಶ ಹೆಣ್ಣು ವರದಿಗಾರರಿಗೂ ಇರಬೇಕೆಂದು ತೀರ್ಪಿತ್ತರು.

ವಕೀಲೆಯಾಗಿ ಸುಪ್ರೀಂ ಕೋರ್ಟಿನಲ್ಲಿ ಸೋತ ಆ ಒಂದು ಮೊಕದ್ದಮೆ ಅಲಬಾಮಾದ್ದು. ಮರಣದಂಡನೆಗೆ ಗುರಿಯಾದ ರಾಬರ್ಟ್ ಸ್ವೇನ್ ಎಂಬ ಕಪ್ಪು ಯುವಕನ ವಿಚಾರಣೆಯಲ್ಲಿ ಪ್ರಾಸಿಕ್ಯೂಟರ್ ಕಪ್ಪು ಜ್ಯೂರಿ ಅಭ್ಯರ್ಥಿಗಳನ್ನೆಲ್ಲ ಕಾರಣ ಕೊಡದೆ ಕೈಬಿಟ್ಟಿದ್ದರು. ಅದು ತಪ್ಪೆಂಬ ಮಾಟ್ಲಿ ವಾದವನ್ನು 1965ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಪ್ಪತ್ತೊಂದು ವರ್ಷದ ನಂತರ, 1986ರ ಬ್ಯಾಟ್ಸನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ತನ್ನ ಹಳೆಯ ನಿಲುವನ್ನು ಬಿಟ್ಟು, ಜನಾಂಗದ ಕಾರಣಕ್ಕೆ ಜ್ಯೂರಿಯಿಂದ ಯಾರನ್ನೂ ತೆಗೆಯುವಂತಿಲ್ಲ ಎಂದಿತು. ಮಾಟ್ಲಿ ಆಗಿನ್ನೂ ಪೀಠದಲ್ಲಿದ್ದರು.