ನಾಯಿ ಕಡಿದರೆ ಲಸಿಕೆಯೊಂದೇ ಸಾಕೆ?

ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಅದನ್ನು ಕಟ್ಟು, ಆಮೇಲೆ ಭರವಸೆ ಇಡು ಎಂದು ಪ್ರವಾದಿ(ಸ)ರವರು ತಿಳಿಸಿದ ಪ್ರಸಂಗ ಜುಮಾ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಕೇಳಿ ತಲೆದೂಗುತ್ತೇವೆ. ಆದರೆ ಕಟ್ಟುವ ಹಗ್ಗ ಯಾವುದು, ಎಷ್ಟು ಉದ್ದ ಬೇಕು ಎಂಬುದನ್ನು ಯಾರಾದರೂ ಬಿಡಿಸಿ ಹೇಳಬೇಕಲ್ಲ. ನಾಯಿ ಕಡಿತದ ವಿಷಯದಲ್ಲಿ ಆ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: "ದವಾಖಾನ್ಯಾಗ ಒಂದು ಸೂಜಿ ಹಾಕ್ಯಾರ. ಇನ್ನೊಂದು ಸೂಜಿಗೆ ಬಿಜಾಪುರಕ್ಕ ಹೋಗ್ರಿ ಅಂತಾರ. ಒಂದು ಹಾಕಿದ ಮ್ಯಾಲೆ ಮತ್ತೊಂದು ಯಾಕ್ರಿ?" ದಿನಗೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಬಸ್ ಹತ್ತಬೇಕಾದವರ ಪ್ರಶ್ನೆ ಇದು. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಉತ್ತರ ತಿಳಿಯದೆ ಅನೇಕರು ಮನೆಗೆ ಮರಳುತ್ತಾರೆ.

ಆ ಎರಡು ಸೂಜಿಗಳು ಒಂದೇ ಔಷಧವಲ್ಲ. ಮೊದಲನೆಯದು ಲಸಿಕೆ. ಅದರಲ್ಲಿರುವುದು ಸತ್ತ ರೇಬಿಸ್ ವೈರಸ್. ಅದನ್ನು ಕಂಡು ನಮ್ಮ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ಕಲಿಯುತ್ತದೆ. ಪ್ರತಿಕಾಯ ಎಂದರೆ ರಕ್ತದಲ್ಲಿ ಓಡಾಡುತ್ತಾ ವೈರಸ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನು. ಕಲಿತದ್ದನ್ನು ದೇಹ ವರ್ಷಗಟ್ಟಲೆ ನೆನಪಿಡುತ್ತದೆ. ಆದರೆ ಕಲಿಯಲು ಸಮಯ ಬೇಕು, ಸುಮಾರು 7ರಿಂದ 14 ದಿನ. ಎರಡನೆಯದು ಇಮ್ಯುನೊಗ್ಲೋಬ್ಯುಲಿನ್, ನಮ್ಮ ದವಾಖಾನೆಗಳಲ್ಲಿ ಇದನ್ನು 'ಸೀರಮ್' ಎನ್ನುತ್ತಾರೆ. ಇದು ಸಿದ್ಧಪಡಿಸಿದ ಪ್ರತಿಕಾಯ. ದೇಹ ಏನನ್ನೂ ಕಲಿಯಬೇಕಿಲ್ಲ, ಹಾಕಿದ ಗಳಿಗೆಯಿಂದಲೇ ಕೆಲಸ ಆರಂಭ. ಆದರೆ ಇದಕ್ಕೆ ನೆನಪಿಲ್ಲ. ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಮನೆಯಲ್ಲಿ ರೊಟ್ಟಿ ಬೇಯುವವರೆಗೆ ಹಸಿದ ಮಗುವಿಗೆ ಪಕ್ಕದ ಮನೆಯಿಂದ ತಂದುಕೊಟ್ಟ ಒಂದು ರೊಟ್ಟಿಯಂತೆ ಎಂದುಕೊಳ್ಳಿ. ಅದನ್ನು ತಂದೆವೆಂದು ಒಲೆ ಆರಿಸುವುದಿಲ್ಲ; ಒಲೆ ಹೊತ್ತಿದೆಯೆಂದು ಮಗುವಿನ ಹಸಿವು ಕಾಯುವುದೂ ಇಲ್ಲ.

ರೇಬಿಸ್‌ನಲ್ಲಿ ಈ ಮಧ್ಯದ ದಿನಗಳೇ ಅಪಾಯದ ದಿನಗಳು. ವೈರಸ್ ಗಾಯದಿಂದ ನರ ಹಿಡಿದು ಮಿದುಳಿನ ಕಡೆಗೆ ಏರುತ್ತದೆ. ಸಾಮಾನ್ಯವಾಗಿ ಲಕ್ಷಣ ಕಾಣಿಸಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಆದರೆ ಒಂದೇ ವಾರದಲ್ಲಿ ಕಂಡದ್ದೂ ಉಂಟು. ಕಾಲಿಗಿಂತ ಮುಖ, ಕುತ್ತಿಗೆ, ಕೈಬೆರಳುಗಳ ಗಾಯ ಹೆಚ್ಚು ಅಪಾಯಕಾರಿ. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ನೇರ ಮುಖಕ್ಕೇ ಬರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಹತ್ತರಲ್ಲಿ ನಾಲ್ವರು 15 ವರ್ಷದೊಳಗಿನ ಮಕ್ಕಳು. ನೀರು ಕಂಡರೆ ಬೆದರುವ ಲಕ್ಷಣ ಶುರುವಾಯಿತೆಂದರೆ ಲಸಿಕೆಯೂ ಇಲ್ಲ, ಸೀರಮ್ಮೂ ಇಲ್ಲ. ಉಳಿದವರು ಬೆರಳೆಣಿಕೆಯಷ್ಟು ಮಾತ್ರ.

ಸೀರಮ್‌ನ ಬೆಲೆ ಜಗತ್ತಿಗೆ ಸ್ಪಷ್ಟವಾದದ್ದು ಇರಾನ್‌ನಲ್ಲಿ. 1954ರ ಆಗಸ್ಟ್‌ನಲ್ಲಿ ಅಲ್ಲಿನ ಒಂದು ಹಳ್ಳಿಗೆ ನುಗ್ಗಿದ ಹುಚ್ಚು ತೋಳ ಒಂದೇ ರಾತ್ರಿ 29 ಜನರನ್ನು ಕಚ್ಚಿತು. ಎಲ್ಲರನ್ನೂ ತೆಹರಾನಿನ ಪಾಶ್ಚರ್ ಸಂಸ್ಥೆಗೆ ಸಾಗಿಸಲಾಯಿತು. ತಲೆ, ಮುಖಕ್ಕೆ ಗಾಯವಾದವರು 18 ಮಂದಿ. ಅವರಲ್ಲಿ ಲಸಿಕೆ ಮಾತ್ರ ಪಡೆದ ಐವರ ಪೈಕಿ ಮೂವರು ತೀರಿಕೊಂಡರು. ಲಸಿಕೆಯ ಜೊತೆ ಸೀರಮ್ ಕೂಡ ಪಡೆದ 13 ಜನರಲ್ಲಿ ತೀರಿಕೊಂಡವರು ಒಬ್ಬರೇ. ತಲೆಬುರುಡೆಗೇ ತೋಳದ ಹಲ್ಲು ನಾಟಿದ್ದ ಒಬ್ಬ ಹುಡುಗನೂ ಬದುಕಿ ಉಳಿದ. ಡಾ. ಬಾಲ್ತಜಾರ್ ಮತ್ತು ಡಾ. ಬಹ್ಮನ್ಯಾರ್ ಬರೆದಿಟ್ಟ ಈ ಲೆಕ್ಕ ಎರಡನ್ನೂ ಒಟ್ಟಿಗೆ ಕೊಡುವ ಪದ್ಧತಿಗೆ ಬಲ ಕೊಟ್ಟಿತು.

ಹಾಗೆಂದು ಪ್ರತಿಯೊಬ್ಬರಿಗೂ ಎರಡೂ ಬೇಕಿಲ್ಲ. ನಾಯಿಯನ್ನು ಮುಟ್ಟಿದರೆ, ಗಾಯವಿಲ್ಲದ ಚರ್ಮ ನೆಕ್ಕಿದರೆ ಏನೂ ಬೇಡ, ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಪರಚು ಗಾಯಕ್ಕೆ ಲಸಿಕೆ. ಚರ್ಮ ಹರಿದು ರಕ್ತ ಬಂದಿದ್ದರೆ, ಅಥವಾ ಹಳೆಯ ಗಾಯದ ಮೇಲೆ, ಕಣ್ಣು ಬಾಯಿಗಳ ಒಳಗೆ ಜೊಲ್ಲು ತಾಗಿದ್ದರೆ ಲಸಿಕೆಯೂ ಬೇಕು, ಸೀರಮ್ಮೂ ಬೇಕು. ಬೆಕ್ಕು, ಮಂಗ, ನರಿ ಕಚ್ಚಿದರೂ ಇದೇ ಲೆಕ್ಕ. "ರಕ್ತ ಬಂದದ, ಸೀರಮ್ ಬೇಕೇನ್ರಿ?" ಎಂದು ನಾವೇ ಬಾಯಿಬಿಟ್ಟು ಕೇಳಬೇಕು. ಲಸಿಕೆ ಸಿಗುವ ಎಲ್ಲ ಕಡೆಯೂ ಸೀರಮ್ ಇರುವುದಿಲ್ಲ. ಇಲ್ಲವೆಂದರೆ ಲಸಿಕೆಯ ಮೊದಲ ಡೋಸ್ ಅಲ್ಲೇ ಹಾಕಿಸಿಕೊಂಡು, ಚೀಟಿ ಹಿಡಿದು ಮುಂದಿನ ಆಸ್ಪತ್ರೆಗೆ ಹೊರಡಬೇಕು. ಸೀರಮ್ ಅದೇ ದಿನ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮೊದಲ ಲಸಿಕೆಯಿಂದ 7 ದಿನದೊಳಗೆ ಹಾಕಿಸಬಹುದು. ಅದರ ನಂತರ ಹಾಕುವುದಿಲ್ಲ, ಏಕೆಂದರೆ ಅಷ್ಟರಲ್ಲಿ ದೇಹದ ಸ್ವಂತ ಪ್ರತಿಕಾಯ ಬರತೊಡಗಿರುತ್ತದೆ.

ಸೀರಮ್ಮನ್ನು ಗಾಯದ ಒಳಗೆ ಮತ್ತು ಸುತ್ತಲೇ ಚುಚ್ಚುತ್ತಾರೆ. ಮಗು ಚೀರುತ್ತದೆ, ತಾಯಿ ಬೇಡವೆನ್ನುತ್ತಾಳೆ. ಆದರೆ ವೈರಸ್ ಕುಳಿತಿರುವುದೇ ಅಲ್ಲಿ, ತೋಳಿಗೆ ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ. ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆ: ಕುದುರೆಯ ಸೀರಮ್ ಆದರೆ ಕಿಲೋಗೆ 40 ಯೂನಿಟ್, ಮನುಷ್ಯರದ್ದಾದರೆ 20. ಈಗ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದ ಮಾನೊಕ್ಲೋನಲ್ ಪ್ರತಿಕಾಯವೂ ನಮ್ಮ ದೇಶದಲ್ಲೇ ತಯಾರಾಗುತ್ತಿದೆ.

ಕುದುರೆಯ ರಕ್ತದಿಂದ ತೆಗೆದದ್ದು ನಮಗೆ ಆಗುತ್ತದೆಯೇ ಎಂದು ಹಿರಿಯರು ಕೇಳುವುದುಂಟು. ಅದು ರಕ್ತವಲ್ಲ, ಶುದ್ಧೀಕರಿಸಿ ಬೇರ್ಪಡಿಸಿದ ಪ್ರತಿಕಾಯ. ಅದಿರಲಿ, ಜೀವ ಉಳಿಸುವ ಅನಿವಾರ್ಯತೆಯಲ್ಲಿ ನಿಷಿದ್ಧವಾದುದಕ್ಕೂ ಅನುಮತಿ ಇದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ರಮಝಾನಿನಲ್ಲಿ ಸೂಜಿ ಹಾಕಿಸಿಕೊಂಡರೆ ರೋಝಾ ಮುರಿಯುವುದಿಲ್ಲವೆಂದೇ ಬಹುತೇಕ ಉಲಮಾಗಳ ಅಭಿಪ್ರಾಯ. ಈದ್ ಆಗಲಿ ಎಂದು ಡೋಸ್ ಮುಂದೂಡಬೇಡಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರೂ ಎರಡನ್ನೂ ಪಡೆಯಬಹುದು.

ಕೊರೋನಾ ಕಾಲದಲ್ಲಿ 'ಪ್ಲಾಸ್ಮಾ' ಎಂಬ ಮಾತು ಎಲ್ಲರ ಬಾಯಲ್ಲಿತ್ತು. 2020ರಲ್ಲಿ ದಿಲ್ಲಿಯಲ್ಲಿ ಗುಣಮುಖರಾದ ತಬ್ಲೀಗ್ ಜಮಾಅತಿನ ಸಹೋದರರು ಸಾಲುಗಟ್ಟಿ ಪ್ಲಾಸ್ಮಾ ದಾನ ಮಾಡಿದ್ದನ್ನು ನಾವು ಮರೆತಿಲ್ಲ. ಅದೂ ಎರವಲು ಪ್ರತಿಕಾಯವೇ. ಆದರೆ ಆಗಲೇ ಆಸ್ಪತ್ರೆ ಸೇರಿದ್ದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲವೆಂದು ಐಸಿಎಂಆರ್ ಅಧ್ಯಯನದಲ್ಲಿ ಕಂಡಿತು. 2021ರ ಮೇ ತಿಂಗಳಲ್ಲಿ ಚಿಕಿತ್ಸೆಯ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ದಾನಿಗಳ ನಿಯ್ಯತ್ತು ಅಲ್ಲಾಹನ ಬಳಿ ವ್ಯರ್ಥವಾಗದು. ಎರವಲು ಪ್ರತಿಕಾಯ ಹೆಚ್ಚು ನೆರವಾಗುವುದು ವೈರಸ್ ಹರಡುವ ಮೊದಲು, ರೋಗ ಬಲಿತ ಮೇಲಲ್ಲ. ನಾಯಿ ಕಡಿತದಲ್ಲಿ ಕಡಿದ ಗಳಿಗೆ ನಮಗೆ ಗೊತ್ತಿರುತ್ತದೆ, ಅದೇ ನಮ್ಮ ಭಾಗ್ಯ.

ಇಷ್ಟಕ್ಕೂ ಮೊದಲ ಮದ್ದು ಮನೆಯಲ್ಲೇ ಇದೆ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕೆಂಬ ಹದೀಸ್ ನಮ್ಮ ಮದ್ರಸಾ ಮಕ್ಕಳಿಗೂ ಬಾಯಿಪಾಠ. ಅದೇ ಬಾಯಿ ಮೈಗೆ ನಾಟಿದಾಗ ಮಾತ್ರ ನಾವು ತೊಳೆಯುವುದು ಬಿಟ್ಟು ಸುಣ್ಣ, ಖಾರಪುಡಿ, ಅರಿಶಿನ ಹಚ್ಚುತ್ತೇವೆ! ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಬಟ್ಟೆ ಕಟ್ಟಬೇಡಿ. ದುಆ ಓದಿಸಿ, ದಮ್ ಮಾಡಿಸಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ದವಾಖಾನೆಗೆ ಹೋಗುವ ದಾರಿಯಲ್ಲಿ, ಅದರ ಬದಲಿಗೆ ಅಲ್ಲ. ಔಷಧ ಮಾಡಿಕೊಳ್ಳಬೇಕೆ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ(ಸ)ರವರು ಹೌದು ಎಂದೇ ಹೇಳಿದ್ದಾರೆ.

ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಅಜ್ಜ ಅಜ್ಜಿಯರಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಿಂದ ಮಾಡಿದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಗೆ ಹನಿಯಷ್ಟು ಮದ್ದು, ಕಡಿದ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ನೋವು ಕಡಿಮೆಯಾದ್ದರಿಂದಲೋ ಏನೋ, ಅನೇಕರು ನಡುವೆಯೇ ಬಿಡುತ್ತಾರೆ. ಎರವಲು ಸೀರಮ್ ಕರಗುವ ಹೊತ್ತಿಗೆ ಸ್ವಂತ ಪ್ರತಿಕಾಯ ಸಿದ್ಧವಿರಬೇಕಾದರೆ ನಾಲ್ಕೂ ದಿನ ಹಾಜರಿ ಬೇಕು. ಹಿಂದೆ ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮತ್ತೆ ಕಡಿದರೆ ಎರಡೇ ಡೋಸ್, ಸೀರಮ್ ಬೇಕೇ ಇಲ್ಲ; ದೇಹ ಪಾಠ ಮರೆತಿರುವುದಿಲ್ಲ. ಹಾಗಾಗಿ ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.

ಕೊನೆಗೆ ನಮ್ಮ ಓಣಿಯ ಮಾತು. ಬಕ್ರೀದ್ ಮರುದಿನ ಕರುಳು, ತ್ಯಾಜ್ಯ ಹೊಲದ ಬದಿಗೆ ಎಸೆದು ಬರುವವರು ನಾವೇ, ನಾಯಿಗಳ ಹಿಂಡು ಹೆಚ್ಚಿತೆಂದು ಗೊಣಗುವವರೂ ನಾವೇ. ಫಜ್ರ್ ನಂತರ ಅದೇ ದಾರಿಯಲ್ಲಿ ಮಕ್ಕಳು ಖಾಯಿದಾ ಹಿಡಿದು ಮದ್ರಸಾಕ್ಕೆ ಹೋಗುತ್ತಾರೆ. ಈ ಸಲ ಕುರ್ಬಾನಿಗೆ ಮೊದಲೇ ಗುಂಡಿ ತೋಡಿಸುವ ಹೊಣೆಯನ್ನು ಆಯಾ ಮಸೀದಿ ಕಮಿಟಿಗಳು ಹೊರಲಿ.